ಸಿಯೆನಾದಲ್ಲಿ ನಿಂತ ಬಸ್ಸು

ಹಾಗಂತ ಟೊಮೆಟೊ ಒಂದೇ ಆಗಿದ್ದರೆ ಕಂಡಕ್ಟ್ರಕ್ಕ ಹೇಗೋ ಸಂಭಾಳಿಸುತ್ತಿದ್ದಳು ಬಿಡಿ. ಟೊಮೆಟೊ ಬೇಡ, ಚೀಸ್ ಬೇಡ, ಕಿತ್ತಳೆ ಬೇಡ, ಬಾಳೆಹಣ್ಣು ಬೇಡ, ಉಪ್ಪು ಬೇಡ, ಕಡೆಗೆ ನೀರು ಕೂಡ ಅಳೆದು ಅಳೆದು ಒಂದೆರಡು ಲೋಟ. ಇಷ್ಟೊಂದು ಬೇಡಗಳನ್ನು ಕೊರಳಿಗೆ ಕಟ್ಟಿಕೊಂಡ ಮನುಷ್ಯ ಹೋಗಲೇಬೇಕು ಅಂತ ಹಟ ಹಿಡಿದದ್ದು ಎಲ್ಲಿಗೆ ಅಂತೀರಿ? ಇಟಲಿಗೆ! ಎಲ್ಲದರ ಮೇಲೂ ಟೊಮೆಟೊ ಸುರಿದುಕೊಂಡು ತಿನ್ನುವ ದೇಶಕ್ಕೆ! "ಅಲ್ಲಿ ಹೋಗಿ ಏನ್ ತಿಂತೀರ್ರೀ?" ಅಂತ ಕಂಡಕ್ಟ್ರಕ್ಕ ಕೇಳಿದರೆ ಡ್ರೈವರಣ್ಣ, "ತಿನ್ನೋಕೆ ಯಾರ್ ಹೊರಟಿದ್ದಾರೆ? ಕೂರೋಕೆ ಹೋಗೋದು" ಅಂದ.

ಕೂರುವುದಕ್ಕೆ. ಇದು ಅರ್ಥವಾಗಬೇಕಾದರೆ ಇವರಿಬ್ಬರ ಕೆಲಸ ಗೊತ್ತಿರಬೇಕು.

ಇಬ್ಬರೂ ಒಂದೇ ಬಸ್ಸಿನವರು. ಅವನು ಮುಂದೆ ಸ್ಟೇರಿಂಗ್ ಹಿಡಿದ, ಅವಳು ಹಿಂದೆ ಟಿಕೆಟ್ ಹರಿದಳು. ಪಟ್ಟಣದ ನಿಲ್ದಾಣದಿಂದ ಬೆಟ್ಟದ ಕೆಳಗಿನ ಕಡೆಯ ಊರಿನವರೆಗೆ ಹೋಗಿ ಬರುವ ಉದ್ದದ ರೂಟು. ಛಾವಣಿಯ ಗುಂಟ ಒಂದು ಹಗ್ಗ, ಹಗ್ಗದ ತುದಿಗೆ ಡ್ರೈವರನ ತಲೆಯ ಮೇಲೊಂದು ಗಂಟೆ. ಒಂದು ಸಲ ಹೊಡೆದರೆ ನಿಲ್ಲು, ಎರಡು ಸಲ ಹೊಡೆದರೆ ನಡಿ. ಹಿಂಬಾಗಿಲ ಮೆಟ್ಟಿಲ ಮೇಲೆ ಮುದುಕಿಯೊಬ್ಬಳ ಒಂದು ಕಾಲು ಮೇಲಿದೆಯೋ, ಒಂದು ಕಾಲು ನೆಲದಲ್ಲೇ ಇದೆಯೋ ಡ್ರೈವರನಿಗೆ ಕಾಣುವುದಿಲ್ಲ. ಕಂಡಕ್ಟರೇ ಅವನ ಬೆನ್ನ ಹಿಂದಿನ ಕಣ್ಣು. ಅದಕ್ಕೇ ಗಂಟೆ ಬಿದ್ದ ಮೇಲೆ ಯಾಕೆ ಅಂತ ಡ್ರೈವರ್ ಕೇಳುವ ಹಾಗಿಲ್ಲ. ರಸ್ತೆ ಅವನದು, ಜನ, ಟಿಕೆಟ್ಟು, ಆಫೀಸಿನವರ ಜೊತೆ ಮಾತು, ಜಗಳ, ಎಲ್ಲ ಅವಳದು.

ಡ್ರೈವರಣ್ಣನಿಗೆ ಅವಳ ಮುಖಕ್ಕಿಂತ ಮೊದಲು ಅವಳ ಗಂಟೆ ಇಷ್ಟವಾಯಿತಂತೆ. "ಬೇರೆಯವರು ಹಗ್ಗ ಜಗ್ಗಿದ್ರೆ ಎಮ್ಮೆ ಜಗ್ಗಿದ ಹಾಗಿರ್ತಿತ್ತು. ಇವಳದು ಮಾತ್ರ ಕರೆದ ಹಾಗಿರ್ತಿತ್ತು" ಅಂತ ಈಗಲೂ ಹೇಳುತ್ತಾನೆ. ಮದುವೆಯಾದ ಮೇಲೆ ಮನೆಯೂ ಅದೇ ಬಸ್ಸಿನ ಹಾಗೆಯೇ ನಡೆಯಿತು. ಬ್ಯಾಂಕು, ಕರೆಂಟಿನವರು, ಬಾಡಿಗೆ ಮನೆಯ ಯಜಮಾನ, ಎಲ್ಲರ ಹತ್ತಿರ ಅವಳೇ ಮಾತಾಡುವಳು. ಅವಳು ಬಂದು "ಆಯ್ತು" ಅಂದರೆ ಆಯಿತು, "ಆಗ್ಲಿಲ್ಲ" ಅಂದರೆ ಆಗಲಿಲ್ಲ. ಏನಂದರು, ಯಾಕಂದರು ಅಂತ ಅವನು ಕೆದಕಿದವನಲ್ಲ. ಮಕ್ಕಳಾಗಲಿಲ್ಲ. ಯಾರಾದರೂ ಕೇಳಿದರೆ ಡ್ರೈವರಣ್ಣ, "ಇಲ್ದೆ ಏನು? ದಿನಾ ಬಸ್ ತುಂಬಾ ಹತ್ತುತ್ತಾರೆ, ಒಬ್ಬರೂ ಮಾತು ಕೇಳಲ್ಲ" ಅಂದುಬಿಡುತ್ತಿದ್ದ.

ನೋಡಿ, ಹೀಗೆ ಒಂದೇ ಬಸ್ಸಿನಲ್ಲಿ ಆಯುಷ್ಯ ಕಳೆದ ಗಂಡ ಹೆಂಡತಿ, ಆ ಬಸ್ಸಿನಲ್ಲಿ ಒಂದು ದಿನವೂ ಅಕ್ಕಪಕ್ಕ ಕೂತಿರಲಿಲ್ಲ. ಅವನಿಗೆ ಎದುರಿನ ಗಾಜು, ಅವಳಿಗೆ ಜನರ ಬೆನ್ನು. ನಡುವೆ ಅಷ್ಟುದ್ದದ ಬಸ್ಸು.

ಇಟಲಿ ಬಂದದ್ದು ಒಂದು ಜಾಹೀರಾತಿನಿಂದ. ಡ್ರೈವರನ ಸೀಟಿನ ಹಿಂದಿನ ತಗಡಿಗೆ ಯಾವುದೋ ಪ್ರವಾಸದ ಕಂಪನಿಯವರು ಚಿತ್ರ ಅಂಟಿಸಿ ಹೋದರು. ಹಸಿರು ಗುಡ್ಡ, ಗುಡ್ಡದ ಮೇಲೆ ಹಾವಿನ ಹಾಗೆ ಹೊರಳುವ ಬಿಳಿ ರಸ್ತೆ, ರಸ್ತೆಯ ಎರಡೂ ಕಡೆ ಮಡಿಸಿಟ್ಟ ಕೊಡೆಗಳ ಹಾಗೆ ನೆಟ್ಟಗೆ ನಿಂತ ಮರ. ಕಡೆಯ ಸ್ಟಾಪಿನಲ್ಲಿ ಬಸ್ಸು ಖಾಲಿಯಾದಾಗ ಡ್ರೈವರಣ್ಣ ಟೀ ಲೋಟ ಹಿಡಿದು ಆ ಚಿತ್ರದ ಮುಂದೆ ನಿಲ್ಲುತ್ತಿದ್ದ.

"ಈ ತಿರುವಲ್ಲಿ ತುಂಬಿದ ಬಸ್ ಹೇಗೆ ತಿರುಗಿಸ್ತಾನೆ ಹೇಳು? ಎದುರಿಗೆ ಒಂದು ಟ್ರಾಕ್ಟರ್ ಬಂದ್ರೆ ಕತೆ ಮುಗೀತು."

"ನಿಮಗ್ಯಾಕೆ ಆ ಉಸಾಬರಿ? ಅಲ್ಲಿಯೋರು ತಿರುಗಿಸ್ಕೋತಾರೆ ಬಿಡಿ."

"ಅದನ್ನೇ ನೋಡ್ಬೇಕು ಕಣೇ. ಬೇರೆ ಯಾವನೋ ಓಡಿಸ್ಬೇಕು, ನಾವಿಬ್ರೂ ಹಿಂದೆ ಕೂತು ಅವನ ತಪ್ಪು ಹಿಡೀಬೇಕು. ನಾನು ಕಿಟಕಿ ಪಕ್ಕ."

"ಆಹಾ! ಇಷ್ಟು ವರ್ಷ ಇಡೀ ಮುಂದಿನ ಗಾಜು ನಿಮ್ಮದೇ ಇತ್ತಲ್ಲ, ಸಾಲದಾ? ನಾನು ಜನರ ಬೆನ್ನು ಬಿಟ್ಟು ಏನ್ ಕಂಡಿದ್ದೀನಿ? ಕಿಟಕಿ ನಂದು."

ಡ್ರೈವರಣ್ಣ ಯೋಚನೆ ಮಾಡಿದ. ನ್ಯಾಯವೇ ಅನ್ನಿಸಿತು. "ಸರಿ, ಕಿಟಕಿ ನಿಂದು" ಅಂದ. ಪ್ರವಾಸದ ಮೊದಲ ಪ್ಲಾನು ಅಷ್ಟೇ: ಊರು ಇನ್ನೂ ಗೊತ್ತಾಗಿಲ್ಲ, ದಿನ ಗೊತ್ತಾಗಿಲ್ಲ, ಕಿಟಕಿ ಮಾತ್ರ ಯಾರದ್ದು ಅಂತ ತೀರ್ಮಾನವಾಯಿತು.

ನಿವೃತ್ತಿಯಾದ ಮೇಲೆ ಹೋಗೋಣ ಅಂತಿತ್ತು. ನಿವೃತ್ತಿಯೂ ಆಯಿತು. ಪಾಸ್‌ಪೋರ್ಟ್ ಬರುವ ಹೊತ್ತಿಗೆ ಡ್ರೈವರಣ್ಣನ ಕಾಲು ಊದಿಕೊಂಡಿತ್ತು, ಮುಖ ಊದಿಕೊಂಡಿತ್ತು, ಮೆಟ್ಟಿಲು ಹತ್ತಿದರೆ ಏದುಸಿರು. ಎರಡೂ ಕಿಡ್ನಿ ಕೈಕೊಟ್ಟಿವೆ ಅಂದರು. ಕಂಡಕ್ಟ್ರಕ್ಕ ತನ್ನದೊಂದು ತಗೊಳ್ಳಿ ಅಂತ ಅಲ್ಲೇ ಕೂತಳು. ಅವಳಿಗೆ ಸಕ್ಕರೆ ಕಾಯಿಲೆ, ಆಗುವುದಿಲ್ಲ ಅಂತ ವಾಪಸ್ ಕಳಿಸಿದರು. ಸತ್ತವರ ಕಿಡ್ನಿಗಾಗಿ ಕಾಯುವವರ ಪಟ್ಟಿಯಲ್ಲಿ ಅವನ ಹೆಸರು ಸೇರಿತು. ಅಲ್ಲಿಯವರೆಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್, ಜೊತೆಗೆ ಮೊದಲೇ ಹೇಳಿದ ಆ ಬೇಡಗಳು.

ಆ ಕೋಣೆಯನ್ನು ನೀವು ನೋಡಿಲ್ಲ ಅಂದುಕೊಳ್ಳುತ್ತೇನೆ. ಎರಡು ಸಾಲಾಗಿ ಒರಗುವ ಕುರ್ಚಿಗಳು, ಪ್ರತಿ ಕುರ್ಚಿಗೊಂದು ಮೆಷಿನ್ನು, ನಡುವೆ ಓಡಾಡುವುದಕ್ಕೆ ಸಣ್ಣ ದಾರಿ. ತೋಳಿಗೆ ಎರಡು ಸೂಜಿ. ಒಂದರಲ್ಲಿ ರಕ್ತ ಹೊರಗೆ ಹೋಗಿ ತೊಳೆದುಕೊಂಡು ಇನ್ನೊಂದರಲ್ಲಿ ಒಳಗೆ ಬರುತ್ತದೆ. ನಾಲ್ಕು ಗಂಟೆ ಆ ಕೈ ಅಲ್ಲಾಡಿಸುವ ಹಾಗಿಲ್ಲ. ಮೊದಲ ದಿನವೇ ಡ್ರೈವರಣ್ಣ ಸುತ್ತ ನೋಡಿ, "ಲೇ, ಇದು ಬಸ್ಸೇ ಕಣೇ" ಅಂದ. "ಎರಡು ಸಾಲು ಸೀಟು, ಎಲ್ಲರೂ ಮುಂದೆ ನೋಡ್ಕೊಂಡ್ ಕೂತಿದ್ದಾರೆ. ಎಲ್ಲಿಗ್ ಹೋಗ್ತಿದ್ದೀವಿ ಅಂತ ಮಾತ್ರ ಯಾರಿಗೂ ಗೊತ್ತಿಲ್ಲ."

ಅಷ್ಟು ಸಾಕಾಯಿತು. ಮುಂದಿನ ವಾರದಿಂದ ಆ ಬಸ್ಸು ಇಟಲಿಗೆ ಹೊರಟಿತು.

ಡ್ರೈವರಣ್ಣ ಮನೆಯಲ್ಲಿ ಭೂಪಟ ಹರಡಿಕೊಂಡು ರಸ್ತೆ ಕಲಿತು ಬರುವನು. ಕುರ್ಚಿಯಲ್ಲಿ ಒರಗಿ, ಸೂಜಿಯಿಲ್ಲದ ಕೈಯನ್ನು ಮುಂದೆ ಚಾಚಿ ಇಲ್ಲದ ಸ್ಟೇರಿಂಗ್ ಹಿಡಿಯುವನು. ಪಕ್ಕದ ಸ್ಟೂಲಿನ ಮೇಲೆ ಕೂತ ಕಂಡಕ್ಟ್ರಕ್ಕ ಸ್ಟೀಲ್ ಟ್ರೇಗೆ ಚಮಚದಿಂದ ಎರಡು ಸಲ ಟಣ್ ಟಣ್ ಅನ್ನಿಸಬೇಕು. ಆಮೇಲೇ ಬಸ್ಸು ಕದಲುವುದು. ಅಕ್ಕಪಕ್ಕದವರು ಮೊದಮೊದಲು ನಕ್ಕರು, ಆಮೇಲೆ ಕಿವಿಗೊಟ್ಟರು, ಆಮೇಲೆ ಟಿಕೆಟ್ ಕೇಳಿದರು. ಬೀಗ ರಿಪೇರಿಯ ಅಂಗಡಿ ಇಟ್ಟಿದ್ದ ಬೀಗದಣ್ಣ ಎದುರು ಸಾಲಿನಲ್ಲಿ, ಲೆಕ್ಕ ಪಾಠ ಮಾಡುತ್ತಿದ್ದ ಮೇಡಂ ಪಕ್ಕದ ಕುರ್ಚಿಯಲ್ಲಿ, ಅದರಾಚೆ ಹೂವಿನಂಗಡಿಯಾಕೆ.

"ಡ್ರೈವರಣ್ಣಾ, ಒಂಚೂರ್ ಸೈಡಿಗ್ ಹಾಕಪ್ಪಾ, ಒಂದಕ್ಕೆ ಹೋಗ್ಬೇಕು" ಅಂತ ಬೀಗದಣ್ಣ ಕೂಗುವನು.

"ಸುಳ್ ಹೇಳ್ಬೇಡ ಕೂತ್ಕೊ. ಈ ಬಸ್ಸಲ್ಲಿ ಯಾರಿಗೂ ಒಂದಕ್ಕೆ ಬರಲ್ಲ."

ಕಿಡ್ನಿ ನಿಂತವರಿಗೆ ಮೂತ್ರವೂ ನಿಲ್ಲುತ್ತದೆ, ಅದಕ್ಕೆ. ಇಡೀ ಸಾಲು ಗೊಳ್ಳನೆ ನಗುತ್ತಿತ್ತು. ಹೊರಗಿನವರು ಯಾರಾದರೂ ಅದೇ ಮಾತು ಆಡಿದ್ದರೆ ಹೊಡೆತ ತಿನ್ನುತ್ತಿದ್ದರು.

ರೋಮ್ ಬಂದಾಗ ಡ್ರೈವರಣ್ಣ, "ಇಲ್ಲಿ ಬೀದಿಬೀದಿಗೂ ನಲ್ಲಿ ಇದೆಯಂತೆ. ತಣ್ಣಗಿನ ನೀರು, ಹಗಲೂ ರಾತ್ರಿ ಸುರೀತಾನೇ ಇರುತ್ತಂತೆ" ಅಂದ. ಇಡೀ ಸಾಲು ತುಟಿ ಸವರಿಕೊಂಡಿತು. ಬಾಯಿ ಒಣಗಿದವರ ಕೋಣೆಯಲ್ಲವೇ ಅದು! ಲೆಕ್ಕದ ಮೇಡಂ ನಿಧಾನವಾಗಿ ಹೇಳಿದರು: "ಡ್ರೈವರೇ, ಈ ಊರು ದಾಟೋವರೆಗೂ ಎಲ್ಲರ ಕಣ್ಣಿಗೂ ಬಟ್ಟೆ ಕಟ್ಟಿಬಿಡಿ." ವೆನಿಸ್ಸಿನಲ್ಲಿ ಬಸ್ಸು ಕೂಡ ನೀರಿನ ಮೇಲೇ ಹೋಗುತ್ತದೆ ಅಂತ ಗೊತ್ತಾದಾಗ ಡ್ರೈವರಣ್ಣ, ನನಗೆ ಆ ಲೈಸೆನ್ಸ್ ಇಲ್ಲ ಅಂತ ಹೇಳಿ ಊರಾಚೆಯೇ ಗಾಡಿ ನಿಲ್ಲಿಸಿದ. ಫ್ಲಾರೆನ್ಸಿನಲ್ಲಿ ಹೂವಿನಂಗಡಿಯಾಕೆ ಇಳಿದು ಚರ್ಚಿನ ಗುಮ್ಮಟ ಸುತ್ತಿ ಬರಲು ಅರ್ಧ ಗಂಟೆ ಕೇಳಿದಳು, ಕೊಟ್ಟರು. ಆದರೆ ಅವನ ಜೀವ ಇದ್ದದ್ದು ಸಿಯೆನಾ ಅನ್ನುವ ಊರಿನ ಸುತ್ತಲಿನ ಹಳ್ಳಿಗಾಡಿನಲ್ಲಿ. ಸೂರ್ಯಕಾಂತಿ ಹೊಲ, ದ್ರಾಕ್ಷಿ ತೋಟ, ಕೋಣೆ ಬಾಡಿಗೆಗೆ ಕೊಡುವ ಒಕ್ಕಲು ಮನೆಗಳು, ಕೊಡೆಯಂಥ ಮರಗಳ ಆ ಬಿಳಿ ರಸ್ತೆ. ಅಲ್ಲಿಗೆ ಬಂದರೆ ಅವನು ಸ್ಟೇರಿಂಗ್ ಬಿಟ್ಟು ಹಿಂದಿನ ಸೀಟಿಗೆ ಹೋಗಿಬಿಡುವನು. ಕಿಟಕಿಗೆ ಕಂಡಕ್ಟ್ರಕ್ಕ, ಪಕ್ಕದಲ್ಲಿ ಅವನು. "ಈಗ ಅಲ್ಲಿಯೋನೇ ಓಡಿಸ್ಲಿ. ನೋಡು ನೋಡು, ಗೇರ್ ಹೇಗೆ ಕಿರುಚಿಸ್ತಾನೆ ದಡ್ಡ!"

ಆಟ ಅಂತಲೇ ಶುರುವಾದದ್ದು ಒಂದು ದಿನ ನಿಜವಾಗುವ ಹಾಗಾಯಿತು. ಕೋಣೆಯ ಉಸ್ತುವಾರಿ ನೋಡುತ್ತಿದ್ದ ಸಿಸ್ಟರ್ ಸೂಜಿ ತೆಗೆಯುತ್ತಾ, "ಅಕ್ಕಾ, ನಿಜವಾಗ್ಲೂ ಹೋಗ್ಬಹುದು ಗೊತ್ತಾ? ಹೋದ ಊರಲ್ಲೇ ಡಯಾಲಿಸಿಸ್ ಮಾಡಿಸ್ಕೋಬಹುದು. ಮೊದಲೇ ಬರೆದು ಕುರ್ಚಿ ಹಿಡಿಸ್ಬೇಕು ಅಷ್ಟೇ" ಅಂದಳು. ಡ್ರೈವರಣ್ಣ ಹೆಂಡತಿಯ ಮುಖ ನೋಡಿದ. ಇಷ್ಟಗಲ ಕಣ್ಣು. "ಕಂಡಕ್ಟ್ರೇ, ಸೀಟ್ ಬುಕ್ ಮಾಡಿ!"

ಸಿಸ್ಟರ್ ಅವನ ರಕ್ತದ ವರದಿಗಳನ್ನೆಲ್ಲ ಜೋಡಿಸಿ, ಎರಡು ವಾರಕ್ಕೆ ಕುರ್ಚಿ ಕೇಳಿ ಸಿಯೆನಾದ ಒಂದು ಆಸ್ಪತ್ರೆಗೆ ಬರೆದಳು. ಉತ್ತರ ಬಂದ ದಿನ ಕಂಡಕ್ಟ್ರಕ್ಕನನ್ನು ತನ್ನ ಮೇಜಿನ ಹತ್ತಿರ ಕರೆದಳು. ಎರಡು ವಾರಕ್ಕೂ ಕುರ್ಚಿ ಕೊಟ್ಟಿದ್ದಾರೆ. ಕಿಟಕಿಯ ಪಕ್ಕದ್ದು ಬೇಕಾದರೆ ಅದನ್ನೇ ಇಡುತ್ತೇವೆ, ಅಲ್ಲಿಂದ ಗುಡ್ಡ ಕಾಣುತ್ತದೆ ಅಂತ ಬೇರೆ ಬರೆದಿದ್ದಾರೆ. ಕಂಡಕ್ಟ್ರಕ್ಕನಿಗೆ ಅಲ್ಲೇ ಸಿಸ್ಟರಿನ ಕೈ ಹಿಡಿದು ಕುಣಿಯಬೇಕು ಅನ್ನಿಸಿತು.

"ಆದ್ರೆ ಒಂದು ವಿಷಯ ಅಕ್ಕಾ. ದೇಶ ಬಿಟ್ಟು ಹೋದಷ್ಟು ದಿನ ಪಟ್ಟಿಯಲ್ಲಿ ಅಣ್ಣನ ಹೆಸರು ತಡೆ ಹಿಡೀತಾರೆ. ಆ ದಿನಗಳಲ್ಲಿ ಕಿಡ್ನಿ ಬಂದ್ರೆ ಮುಂದಿನವರಿಗೆ ಹೋಗುತ್ತೆ. ವಾಪಸ್ ಬಂದ ಮೇಲೆ ಮತ್ತೆ ಸೇರಿಸ್ತಾರೆ. ಇಬ್ಬರೂ ಕೂತು ಯೋಚನೆ ಮಾಡಿ ಹೇಳಿ."

"ಈಗ ಇವರ ಸರದಿ ಹತ್ರ ಬಂದಿದೆಯಾ?"

"ಹತ್ರ ಇದೆ. ನಾಳೆಯೇ ಬರ್ಬಹುದು, ಎರಡು ವರ್ಷ ಆಗ್ಬಹುದು. ಯಾರೂ ಹೇಳೋಕಾಗಲ್ಲ."

ಹಿಂದಿನ ತಿಂಗಳಷ್ಟೇ ಹೂವಿನಂಗಡಿಯಾಕೆಗೆ ಕರೆ ಬಂದಿತ್ತು. ಅಂಗಡಿಯ ಬಾಗಿಲು ಎಳೆಯುತ್ತಿದ್ದವಳು ಬಕೆಟ್ಟಿನಲ್ಲಿದ್ದ ಹೂವನ್ನು ಹಾಗೇ ಬಿಟ್ಟು ಓಡಿದ್ದಳು. ಹೊಸ ಕಿಡ್ನಿ ಹಾಕಿಸಿಕೊಂಡು, ಇವರನ್ನೆಲ್ಲ ನೋಡಲು ಬಂದು, ಎಲ್ಲರ ಮುಂದೆ ಒಂದು ದೊಡ್ಡ ಲೋಟ ನೀರು ಗಟಗಟ ಕುಡಿದು ಅತ್ತಿದ್ದಳು. ಕಂಡಕ್ಟ್ರಕ್ಕನ ಕಣ್ಣ ಮುಂದೆ ಆ ಲೋಟ ಬಂತು. ಅವನು ಹಾಗೆ ನೀರು ಕುಡಿಯುವುದನ್ನು ನೋಡಬೇಕು. ಎರಡು ವಾರದ ಆಸೆಗೆ ಅದು ಕೈತಪ್ಪಿ ಹೋದರೆ? ಇಟಲಿ ಎಲ್ಲಿಗೂ ಓಡಿ ಹೋಗುವುದಿಲ್ಲವಲ್ಲ, ಹೊಸ ಕಿಡ್ನಿ ಇಟ್ಟುಕೊಂಡೇ ಹೋದರಾಯಿತು, ಟೊಮೆಟೊ ತಿಂದುಕೊಂಡು.

ಅವನನ್ನು ಕೇಳಿದರೆ ಏನನ್ನುತ್ತಾನೆ ಅಂತ ಅವಳಿಗೆ ಗೊತ್ತಿತ್ತು. ಹೋಗೋಣ ಅನ್ನುತ್ತಾನೆ. ಹೋಗಿದ್ದಾಗ ಇಲ್ಲಿ ಫೋನ್ ಬಂತು ಅಂದರೆ, ಉಳಿದ ಆಯುಷ್ಯವೆಲ್ಲ ಅದನ್ನು ನುಂಗಿಕೊಂಡು ನಗುತ್ತಾನೆ. ಆ ಭಾರ ಅವನ ಮೇಲೆ ಯಾಕೆ? ಎರಡು ದಿನ ಬಿಟ್ಟು ಸಿಸ್ಟರಿಗೆ, "ಇಬ್ಬರೂ ಮಾತಾಡಿದ್ವಿ. ಈಗ್ಲೇ ಬೇಡ" ಅಂದಳು. ಗಂಡನ ಹತ್ತಿರ ಬಂದು ಸ್ಟೂಲಿನ ಮೇಲೆ ಕೂತು, "ಕುರ್ಚಿ ಖಾಲಿ ಇಲ್ವಂತೆ ರೀ" ಅಂದಳು.

ಗಂಟೆ ಒಂದೇ ಸಲ. ನಿಲ್ಲು.

ಅವನು ಯಾಕೆ ಅಂತ ಕೇಳಲಿಲ್ಲ. ಸಿಸ್ಟರನ್ನು ಕೇಳುವ ಮಾತಂತೂ ಇರಲೇ ಇಲ್ಲ, ಟಿಕೆಟ್ಟಿನ ವಿಷಯ ಅವಳದು. "ಹೋಗ್ಲಿ ಬಿಡು, ಸಿಯೆನಾ ಒಂದೇನಾ ಊರಿರೋದು?" ಅಂದ. ಕಂಡಕ್ಟ್ರಕ್ಕ ಅಂದುಕೊಂಡದ್ದು ಅಲ್ಲಿಗೆ ಮುಗಿಯುತ್ತದೆ ಅಂತ. ಮುಗಿಯಲಿಲ್ಲ. ಮುಂದಿನ ವಾರ ಅವನು ಭೂಪಟದಿಂದ ಇನ್ನೊಂದು ಊರು ಎತ್ತಿಕೊಂಡು ಬಂದ.

"ಅರೆಝೊಗೆ ಬರೆಸು. ಸಿಯೆನಾಗೆ ಅಲ್ಲಿಂದ ಬಸ್ಸಿದೆ."

ಅವಳು ಸಿಸ್ಟರಿನ ಮೇಜಿನವರೆಗೆ ಹೋಗಿ, ಬೇರೆ ಏನೋ ಮಾತಾಡಿ, ವಾಪಸ್ ಬಂದಳು. ಕೆಲವು ದಿನ ಬಿಟ್ಟು, "ಅಲ್ಲೂ ಇಲ್ವಂತೆ" ಅಂದಳು. ಆಮೇಲೆ ಲುಕ್ಕಾ. ಆಮೇಲೆ ಪೆರುಜಾ. ಆಮೇಲೆ ಬಂಡೆಯ ತಲೆಯ ಮೇಲೆ ಕೂತ ಒರ್ವಿಯೆತೊ. ಪ್ರತಿ ಊರಿಗೂ ಅವನು ಹೊಸದಾಗಿ ರಸ್ತೆ ಕಲಿಯುವನು, ಎಲ್ಲಿ ಬಸ್ಸು ಬದಲಿಸಬೇಕು, ಯಾವ ಕಡೆ ಕೂತರೆ ಕಿಟಕಿಯಿಂದ ಕಣಿವೆ ಕಾಣುತ್ತದೆ ಅಂತ ಅವಳಿಗೋಸ್ಕರ ನೋಡಿಡುವನು. ಪ್ರತಿ ಊರಿನ ಬಾಗಿಲನ್ನೂ ಅವಳು ಮೆಲ್ಲಗೆ ಮುಚ್ಚುವಳು. ಕೋಣೆಯವರೆಲ್ಲ ಇಟಲಿಯವರನ್ನು ಬಯ್ಯತೊಡಗಿದರು.

"ಏನ್ ಜನಾನಪ್ಪಾ! ಒಂದು ಕುರ್ಚಿ ಕೊಡೋಕೆ ಏನ್ ಗಂಟು ಹೋಗುತ್ತೆ ಇವರದ್ದು?" ಅಂತ ಬೀಗದಣ್ಣ.

"ಅಷ್ಟೊಂದು ಚೆಂದದ ದೇಶ, ಮನಸ್ಸು ಮಾತ್ರ ಇಷ್ಟೇ ಇಷ್ಟು" ಅಂತ ಲೆಕ್ಕದ ಮೇಡಂ ಬೆರಳ ತುದಿ ತೋರಿಸುವರು.

ಕಂಡಕ್ಟ್ರಕ್ಕ ತಲೆ ತಗ್ಗಿಸಿ ಟ್ರೇ ಒರೆಸುವಳು. ಒಮ್ಮೆ ಸಿಸ್ಟರ್, "ಅಣ್ಣ ಇನ್ನೂ ಊರು ಹುಡುಕ್ತಿದ್ದಾರಲ್ಲ ಅಕ್ಕಾ?" ಅಂತ ಅನುಮಾನದಿಂದ ಕೇಳಿದಳು. "ಅದು ಅವರ ಆಟ, ನಡೀಲಿ ಬಿಡಮ್ಮಾ" ಅಂದು ಜಾರಿಕೊಂಡಳು. ಸುಳ್ಳನ್ನು ನಿಲ್ಲಿಸಬೇಕು ಅಂತ ಎಷ್ಟೋ ಸಲ ಬಾಯಿ ತೆರೆದಳು. ಆದರೆ ನಾಳೆಯೇ ಫೋನ್ ಬಂದುಬಿಟ್ಟರೆ? ಬಂದ ದಿನ ಎಲ್ಲ ಹೇಳಿಬಿಡುತ್ತೇನೆ, ಇಬ್ಬರೂ ನಗುತ್ತೇವೆ ಅಂತ ಮುಂದೂಡಿದಳು. ಮನೆಯಲ್ಲಿ ಸ್ನಾನಕ್ಕೆ ಹೋಗುವಾಗಲೂ ಫೋನನ್ನು ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಇಟ್ಟುಕೊಂಡಳು. ಬಂದದ್ದೆಲ್ಲ ಗ್ಯಾಸಿನವರದ್ದು, ಲೋನ್ ಬೇಕಾ ಅನ್ನುವವರದ್ದು.

ಚಳಿಗಾಲ ಕಳೆಯುವ ಹೊತ್ತಿಗೆ ಡ್ರೈವರಣ್ಣ ಸೊರಗಿದ. ಡಯಾಲಿಸಿಸ್ ನಡುವೆ ಬಿ.ಪಿ. ಕುಸಿಯುವುದು, ಬಸ್ಸು ದಾರಿ ಮಧ್ಯೆಯೇ ನಿಲ್ಲುವುದು. ಹೃದಯದ ಪರೀಕ್ಷೆ ಮಾಡಿದರು. ಒಂದು ಬೆಳಿಗ್ಗೆ ಇಬ್ಬರನ್ನೂ ಬರಹೇಳಿದರು. ಡಯಾಲಿಸಿಸ್ ದಿನ ರೋಗಿಗಳನ್ನು ಆಸ್ಪತ್ರೆಯ ವ್ಯಾನು ಕರೆದೊಯ್ಯುತ್ತಿತ್ತು. ಅವತ್ತು ಆ ದಿನವಲ್ಲ, ಸಿಟಿ ಬಸ್ಸಿನಲ್ಲಿ ಹೋದರು. ಖಾಲಿ ಬಸ್ಸು. ಡ್ರೈವರಣ್ಣ ಕೈ ತೋರಿಸಿ, "ಹೋಗಮ್ಮಾ ಕಿಟಕಿಗೆ" ಅಂದ. ಇಬ್ಬರೂ ಅಕ್ಕಪಕ್ಕ ಕೂತರು. ಡ್ರೈವರ್ ಬ್ರೇಕ್ ಹಾಕಿದಾಗಲೆಲ್ಲ ಅವನು ಅವಳ ಕಿವಿಯಲ್ಲಿ ಬೈದ, ಅವಳು ನಕ್ಕಳು.

ಡಾಕ್ಟರು ಒಳ್ಳೆಯವರು, ಸುತ್ತಿ ಬಳಸಿ ಮಾತಾಡಲಿಲ್ಲ. ಹೃದಯ ಆಪರೇಷನ್ ತಡೆಯುವ ಸ್ಥಿತಿಯಲ್ಲಿಲ್ಲ. ಪಟ್ಟಿಯಿಂದ ಹೆಸರು ತೆಗೆಯಬೇಕಾಗುತ್ತದೆ.

ಡ್ರೈವರಣ್ಣ ತನ್ನ ತೋಳನ್ನೇ ನೋಡಿಕೊಂಡ. ಆಮೇಲೆ ತಲೆ ಎತ್ತಿ, "ಹಾಗಾದ್ರೆ ಇನ್ನು ಫೋನಿಗೆ ಕಾಯೋದು ಬೇಕಾಗಿಲ್ಲ. ಡಾಕ್ಟ್ರೇ, ಇಟಲಿಗೆ ಹೋಗಿ ಬರ್ಲಾ?" ಅಂದ.

ಡಾಕ್ಟರು ತಲೆಯಾಡಿಸಿದರು. ವಿಮಾನ ಹತ್ತುವ ಹಾಗಿಲ್ಲ. ಇನ್ನು ಮುಂದೆಯೂ ಹತ್ತುವ ಹಾಗಿಲ್ಲ.

"ಹೋದ ವರ್ಷ ಹೋಗ್ಬಹುದಿತ್ತಾ?"

"ಹೋದ ವರ್ಷ ಆರಾಮಾಗಿ ಹೋಗಿ ಬರ್ಬಹುದಿತ್ತು" ಅಂದರು ಡಾಕ್ಟರು. ಅವರಿಗೇನು ಗೊತ್ತು ಪಾಪ.

ಹೊರಗೆ ಕಾರಿಡಾರಿನಲ್ಲಿ ಸಾಲು ಕುರ್ಚಿ. ಡ್ರೈವರಣ್ಣ ಕೂತು, "ಆ ಸಿಯೆನಾದವರು ಅವತ್ತು ಒಂದು ಕುರ್ಚಿ ಕೊಟ್ಟಿದ್ರೆ..." ಅಂತ ಶುರುಮಾಡಿದ. ಕಂಡಕ್ಟ್ರಕ್ಕನಿಗೆ ತಡೆಯಲಾಗಲಿಲ್ಲ. ಕೂರಲೂ ಇಲ್ಲ, ನಿಂತುಕೊಂಡೇ ಹೇಳಿದಳು.

"ಕೊಟ್ಟಿದ್ರು ರೀ."

"ಏನು?"

"ಸಿಯೆನಾದವರು ಕುರ್ಚಿ ಕೊಟ್ಟಿದ್ರು, ಗುಡ್ಡ ಕಾಣೋ ಕಿಟಕಿ ಪಕ್ಕದ್ದೇ. ಹೋದ್ರೆ ನಿಮ್ಮ ಹೆಸರು ತಡೆ ಹಿಡೀತಾರೆ ಅಂದ್ರು. ಆ ಹದಿನೈದು ದಿನದಲ್ಲೇ ಫೋನ್ ಬಂದ್ಬಿಟ್ರೆ ಅಂತ ನಾನೇ ಬೇಡ ಅಂದೆ."

"ಅರೆಝೊ?"

"ಬರೆಸ್ಲೇ ಇಲ್ಲ."

"ಲುಕ್ಕಾ? ಒರ್ವಿಯೆತೊ?"

"ಯಾವುದಕ್ಕೂ ಬರೆಸ್ಲಿಲ್ಲ ರೀ."

ಗಾಲಿಕುರ್ಚಿಯೊಂದು ಕಿರುಗುಟ್ಟುತ್ತಾ ಹೋಯಿತು. ಅದು ತಿರುವಿನಲ್ಲಿ ಮರೆಯಾಗುವವರೆಗೂ ಡ್ರೈವರಣ್ಣ ನೋಡಿದ.

"ನಿನ್ನ ಬೆಲ್ ಬಿದ್ದ ಮೇಲೆ ನಾನು ಒಂದು ದಿನ ಹಿಂದಕ್ಕೆ ತಿರುಗಿ ನೋಡಿದೋನಲ್ಲ ಕಣೇ" ಅಂದ. ದನಿ ಏರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅಂತ ಕಂಡಕ್ಟ್ರಕ್ಕನಿಗೆ ಅನ್ನಿಸಿತು.

ವಾಪಸ್ ಬರುವಾಗಲೂ ಬಸ್ಸು ಖಾಲಿಯೇ. ಅವಳು ಕಿಟಕಿಯ ಪಕ್ಕ ಸರಿದು ಕೂತಳು. ಅವನು ಅವಳನ್ನು ದಾಟಿ ಮುಂದೆ ಹೋಗಿ, ಬಾಗಿಲ ಹತ್ತಿರದ ಒಂಟಿ ಸೀಟಿನಲ್ಲಿ ಕೂತ. ಮನೆಯ ಸ್ಟಾಪ್ ಬರುವವರೆಗೆ ಅವಳು ಅವನ ಬೆನ್ನು ನೋಡುತ್ತಾ ಬಂದಳು. ನೋಡಿ ನೋಡಿ ಅಭ್ಯಾಸವಿದ್ದ ಬೆನ್ನೇ. ಅವತ್ತು ಮಾತ್ರ ಅದು ಬೇರೆ ಯಾರದ್ದೋ ಅನ್ನಿಸಿತು.

ಮಾರನೆಯ ದಿನದ ಡಯಾಲಿಸಿಸ್‌ನಲ್ಲಿ ಅವಳು ಎಂದಿನಂತೆ ಟ್ರೇಗೆ ಎರಡು ಸಲ ಹೊಡೆದಳು. ಡ್ರೈವರಣ್ಣ ಕಣ್ಣು ಮುಚ್ಚಿಕೊಂಡೇ ಇದ್ದ. ಮತ್ತೆ ಹೊಡೆದಳು. ಬೀಗದಣ್ಣ, "ಏನಣ್ಣಾ, ಡೀಸೆಲ್ ಖಾಲಿನಾ?" ಅಂದ. ಅಷ್ಟು ವರ್ಷದಲ್ಲಿ ಮೊದಲ ಸಲ ಅವಳ ಗಂಟೆ ಬಿದ್ದೂ ಬಸ್ಸು ಕದಲಲಿಲ್ಲ. ನಾಲ್ಕು ಗಂಟೆ ಮೆಷಿನ್ನುಗಳ ಸದ್ದು ಮಾತ್ರ. ಅವಳು ಚಮಚವನ್ನು ಚೀಲದೊಳಗೆ ಹಾಕಿಕೊಂಡಳು.

ಅದರ ಮುಂದಿನ ಸಲವೂ, ಅದರ ಮುಂದಿನ ವಾರವೂ ಹಾಗೇ. ಜನರಿಗೆ ತಡೆಯಲಾಗಲಿಲ್ಲ. ಪಟ್ಟಿಯಿಂದ ಹೆಸರು ಹೋದ ಸುದ್ದಿ ಅವರಿಗೆ ಗೊತ್ತಾಗಿತ್ತು, ಸಮಾಧಾನ ಮಾಡುವ ದಾರಿ ಗೊತ್ತಿರಲಿಲ್ಲ. ಅದಕ್ಕೆ ಬೀಗದಣ್ಣ ಇಟಲಿಯವರ ಮೇಲೆ ಹರಿಹಾಯ್ದ. "ಎಲ್ಲಾ ಆ ಸಿಯೆನಾದವರಿಂದ! ಅವರ ಮನೆ ಹಾಳಾಗ! ಅವತ್ತೇ ಒಂದು ಕುರ್ಚಿ ಕೊಟ್ಟಿದ್ರೆ ನಮ್ಮಣ್ಣ ಹೋಗಿ ಬಂದಿರ್ತಿದ್ದ."

"ಅವರನ್ನ ಬೈಬೇಡ" ಅಂದ ಡ್ರೈವರಣ್ಣ. ಎಷ್ಟೋ ದಿನದ ಮೇಲೆ ಕೇಳಿದ ದನಿ. ಕೋಣೆ ಕಿವಿಯಾಯಿತು. "ಒಳ್ಳೇ ಜನ ಅವರು. ಕುರ್ಚಿ ಇಟ್ಕೊಂಡು ಕಾದಿದ್ರು. ನಾವೇ ಹೋಗ್ಲಿಲ್ಲ."

ಎಲ್ಲರೂ ಕಂಡಕ್ಟ್ರಕ್ಕನ ಕಡೆ ತಿರುಗಿದರು. ಅವಳು ನೆಲ ನೋಡಿದಳು. ಲೆಕ್ಕದ ಮೇಡಂ ಮೆತ್ತಗೆ, "ಯಾಕೆ ಹೋಗ್ಲಿಲ್ಲ?" ಅಂದರು.

ಈಗ ಹೇಳುತ್ತಾನೆ, ಎಲ್ಲರ ಮುಂದೆ ಹೇಳುತ್ತಾನೆ ಅಂತ ಅವಳು ಅಂದುಕೊಂಡಳು.

"ಬಸ್ ಹೊರಡೋ ಹೊತ್ತಿಗೆ ಕಂಡಕ್ಟರ್ ನಿಲ್ಸಿದ್ಲು" ಅಂದ ಡ್ರೈವರಣ್ಣ. "ಹಿಂದಿಂದ ಯಾರೋ ಓಡಿ ಬರ್ತಿದ್ದಾರೆ ಅನ್ಕೊಂಡ್ಲು. ಅವರನ್ನ ಬಿಟ್ಟು ಹೋಗೋಕೆ ಅವಳಿಗೆ ಮನಸ್ಸಾಗ್ಲಿಲ್ಲ." ಸ್ವಲ್ಪ ತಡೆದು, "ಯಾರೂ ಬರ್ಲಿಲ್ಲ" ಅಂದ.

ಸಿಸ್ಟರ್ ಬಂದವಳು ಮೆಷಿನ್ನಿನ ಗುಂಡಿ ಒತ್ತದೆ ಹಾಗೇ ನಿಂತಿದ್ದಳು. ಕಂಡಕ್ಟ್ರಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ಅವನು ಅವಳ ಕಡೆ ನೋಡಲಿಲ್ಲ. ಗಂಟೆಗೂ ಕಾಯಲಿಲ್ಲ. ಬರಿಗೈ ಮುಂದೆ ಚಾಚಿ ಸ್ಟೇರಿಂಗ್ ಹಿಡಿದು ತಾನೇ ಗಾಡಿ ತೆಗೆದ. ನೇರ ಸಿಯೆನಾಗೆ.

ಅವತ್ತಿನಿಂದ ಬಸ್ಸು ಅಲ್ಲೇ ನಿಂತಿದೆ. ಸಿಯೆನಾದ ಕೋಟೆಯ ಹೊರಗೆ, ಯಾಕೆಂದರೆ ಊರೊಳಗೆ ದೊಡ್ಡ ಗಾಡಿ ಬಿಡುವುದಿಲ್ಲವಂತೆ. ಡ್ರೈವರಣ್ಣ ಪ್ರತಿ ಸಲ ಕಣ್ಣು ಮುಚ್ಚಿ ಊರೊಳಗೆ ನಡೆದು ಹೋಗುತ್ತಾನೆ. ಕಿರಿದಾದ ಓಣಿಗಳು, ಇಟ್ಟಿಗೆ ಹಾಸಿದ ಇಳಿಜಾರು ಚೌಕ. ಚೌಕದ ನೆಲದ ಮೇಲೆ ಜನ ಚಾಪೆಯಿಲ್ಲದೆ ಮಲಗಿ ಬಿಸಿಲಿಗೆ ಮೈ ಕಾಯಿಸಿಕೊಳ್ಳುತ್ತಾರಂತೆ. ಅಲ್ಲಿಂದ ಆಸ್ಪತ್ರೆಗೆ, ಕಿಟಕಿಯ ಪಕ್ಕದ ಕುರ್ಚಿಗೆ. "ಗುಡ್ಡ ಕಾಣುತ್ತೆ" ಅನ್ನುತ್ತಾನೆ. "ಬಿಸಿಲು ಬಂದಿದೆ ಇವತ್ತು." ಬೀಗದಣ್ಣನಿಗೆ ಬೇರೆ ಊರು ನೋಡುವ ಆಸೆ, ಎಷ್ಟು ದಿನ ಇಲ್ಲೇ ಅಂತ ರೇಗಿಸುತ್ತಾನೆ. "ಬುಕ್ ಮಾಡಿದ ದಿನ ಇನ್ನೂ ಮುಗಿದಿಲ್ಲ ಕಣೋ" ಅನ್ನುವುದೇ ಉತ್ತರ.

ಕಂಡಕ್ಟ್ರಕ್ಕನಿಗೆ ಮಾತ್ರ ಕಾಣುವ ಒಂದು ಸಂಗತಿ ಇದೆ. ಸಿಯೆನಾದಲ್ಲಿ ಅವನು ಒಬ್ಬನೇ ಓಡಾಡುತ್ತಾನೆ. ಓಣಿಯಲ್ಲಿ ಅವಳಿಲ್ಲ, ಚೌಕದಲ್ಲಿ ಅವಳಿಲ್ಲ. ಮನೆಯಲ್ಲಿ ಎಲ್ಲ ಸರಿಯಾಗಿದೆ. ಅನ್ನ ಬಡಿಸಿದರೆ ಉಣ್ಣುತ್ತಾನೆ, ಮಾತ್ರೆ ಕೊಟ್ಟರೆ ನುಂಗುತ್ತಾನೆ, ಬೆನ್ನು ಉಜ್ಜು ಅನ್ನುತ್ತಾನೆ, ಟಿ.ವಿ. ನೋಡಿ ನಗುತ್ತಾನೆ. ಅವಳನ್ನು ದ್ವೇಷಿಸುವವನಲ್ಲ. ಆದರೆ ಸಿಯೆನಾಗೆ ಇನ್ನೂ ಅವಳನ್ನು ಕರೆದುಕೊಂಡು ಹೋಗಿಲ್ಲ. ಅವಳೂ ಕೇಳಿಲ್ಲ. ಸ್ಟೂಲಿನ ಮೇಲೆ ಕೂತು, ತನಗೋಸ್ಕರ ಅವನೇ ನೋಡಿಟ್ಟಿದ್ದ ಊರಿನ ವರ್ಣನೆಯನ್ನು ಬೇರೆಯವರ ಹಾಗೆ ಕೇಳುತ್ತಾಳೆ.

ಹೋದ ತಿಂಗಳು ಒಂದು ಮಧ್ಯಾಹ್ನ ಲೆಕ್ಕದ ಮೇಡಂರನ್ನು ನೋಡಲು ಅವರ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಂದಿದ್ದಳು. ಬಸ್ಸಿನ ಕತೆ ಕೇಳಿ, "ನನ್ನನ್ನೂ ಹತ್ತಿಸ್ಕೊಳ್ಳಿ ಅಂಕಲ್" ಅಂದಳು. ಡ್ರೈವರಣ್ಣ ಪೇಚಿಗೆ ಸಿಕ್ಕಿದ. ನಡುದಾರಿಯಲ್ಲಿ ಹತ್ತಿಸಿಕೊಳ್ಳುವುದು ಹೇಗೆ? ಅವಳಿಗೆ ರೋಮ್ ಗೊತ್ತಿಲ್ಲ, ನಲ್ಲಿ ಗೊತ್ತಿಲ್ಲ, ಬಿಳಿ ರಸ್ತೆ ಗೊತ್ತಿಲ್ಲ. ಹೊಸಬರಿಗೋಸ್ಕರ ಮೊದಲಿನಿಂದ ಹೊರಡಲೇಬೇಕಾಯಿತು. ರೋಮ್ ದಾಟಿತು, ಗುಡ್ಡ ಶುರುವಾಯಿತು, ಸೂರ್ಯಕಾಂತಿ ಹೊಲ ಬಂತು. ಅಭ್ಯಾಸಬಲ ನೋಡಿ, ಆ ತಿರುವು ಬಂದ ಕೂಡಲೇ ಅವನು ಸ್ಟೇರಿಂಗ್ ಬಿಟ್ಟು ಹಿಂದಿನ ಸೀ‌ಟಿಗೆ ಹೋದ. "ಇಲ್ಲಿಂದ ಅಲ್ಲಿಯೋನು ಓಡಿಸ್ತಾನೆ. ನಾನು ಇಲ್ಲಿ. ನಮ್ಮನೆಯವಳು ಕಿಟಕಿ ಪಕ್ಕ" ಅಂದ. ಅಂದು, ಒಂದು ಕ್ಷಣ ತಡವರಿಸಿದ. ಆದರೆ ಮಾತು ವಾಪಸ್ ತೆಗೆದುಕೊಳ್ಳಲಿಲ್ಲ. ಸಿಯೆನಾದ ಕೋಟೆ ಬರುವವರೆಗೆ ಕಂಡಕ್ಟ್ರಕ್ಕ ಆ ಸೀಟಿನಲ್ಲಿ ಕೂತಿದ್ದಳು, ಅವನ ಪಕ್ಕದಲ್ಲಿ, ಕಣ್ಣು ತೆರೆದುಕೊಂಡು. ಕೋಟೆ ಬಂದ ಮೇಲೆ ಅವನು ಮತ್ತೆ ಒಬ್ಬನೇ ಇಳಿದು ಹೋದ.

ಅದಕ್ಕೇ ನಿಮಗೆ ಹೇಳುತ್ತಿರುವುದು. ಮಧ್ಯಾಹ್ನದ ಪಾಳಿ, ಎರಡನೇ ಮಹಡಿ, ಲಿಫ್ಟಿನಿಂದ ಎಡಕ್ಕೆ ಕಡೆಯ ಕೋಣೆ. ಸಿಸ್ಟರ್ ಒಳ್ಳೆಯವಳು, ಚಪ್ಪಲಿ ಬಿಟ್ಟು ಕೈ ತೊಳೆದರೆ ಒಳಗೆ ಬಿಡುತ್ತಾಳೆ. ಹಣ್ಣು ಹಂಪಲು ತೆಗೆದುಕೊಂಡು ಹೋಗಬೇಡಿ, ಅಲ್ಲಿ ಯಾರೂ ತಿನ್ನುವ ಹಾಗಿಲ್ಲ. ಅವರ ಎದುರು ನೀರಿನ ಬಾಟಲಿಯನ್ನೂ ಎತ್ತಬೇಡಿ. ಅವನ ಹೃದಯ ಎಷ್ಟು ದಿನ ಅಂತ ಡಾಕ್ಟರೂ ಹೇಳುತ್ತಿಲ್ಲ, ಆದ್ದರಿಂದ ಆಮೇಲೆ ನೋಡೋಣ ಅನ್ನಬೇಡಿ. ಹೋಗಿ ಕೂತು, ನನಗೆ ದಾರಿ ಗೊತ್ತಿಲ್ಲ, ರೋಮಿನಿಂದ ಕರೆದುಕೊಂಡು ಹೋಗಿ ಅಂತ ಡ್ರೈವರಣ್ಣನನ್ನು ಕೇಳಿ. ಈ ವಾರವೇ ಹೋಗಿ ಬನ್ನಿ.